ಮನೆ ಪ್ರಾಕ್ಟೀಸ್‌ಗೆ ಸೆಕೆಂಡ್ ಹ್ಯಾಂಡ್ ಬೇಸ್ ಆಂಪ್: ಏನು ನೋಡ್ಬೇಕು, ಹೇಗೆ ಟೆಸ್ಟ್ ಮಾಡ್ಬೇಕು

ಬೇಸ್ ಗಿಟಾರ್ ಏನೋ ಕೈಗೆ ಬಂತು, ಇನ್ನು ಆಂಪ್ ಯಾವ್ದು ತಗೊಳ್ಲಿ, ಹೊಸದಕ್ಕೆ ಬಜೆಟ್ ಇಲ್ಲ, ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಕೆಟ್ಟಿರೋದನ್ನ ತಲೆಗೆ ಕಟ್ಟಿಬಿಡ್ತಾರಾ ಅಂತ ಕೇಳೋರು ಜಾಸ್ತಿ ಆಗಿದಾರೆ. ಒಬ್ಬೊಬ್ರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರೀತಿದೀನಿ. ಬಹಳ ಜನ ಶುರು ಮಾಡೋದೇ "ಎಷ್ಟು ವ್ಯಾಟ್ ಬೇಕು" ಅಂತ, ಆದ್ರೆ ಮನೇಲಿ ನುಡಿಸೋರಿಗೆ ಅದು ಕೊನೇಲಿ ಕೇಳೋ ಪ್ರಶ್ನೆ. ಸಣ್ಣ ವಾಲ್ಯೂಮಲ್ಲಿ ಒಂದೊಂದು ಸ್ವರನೂ ಬಿಡಿಸಿ ಕೇಳಿಸ್ಬೇಕು, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ನುಡಿಸೋಕೆ ಆಗ್ಬೇಕು, ಮುಟ್ಟಿದ್ರೆ ಶಾಕ್ ಹೊಡೀಬಾರ್ದು. ಈ ಮೂರೂ ಸರಿ ಇರೋ ಹಳೇ 25 ವ್ಯಾಟ್ ಆಂಪು, ಇವು ಇಲ್ಲದ 100 ವ್ಯಾಟ್ ಡಬ್ಬಕ್ಕಿಂತ ಎಷ್ಟೋ ಪಾಲು ಮೇಲು.

ಮೊದ್ಲು ಪದೇ ಪದೇ ಬರೋ ಕೆಲವು ಪದ ತಿಳ್ಕೊಂಡ್ಬಿಡಿ. ಆಂಪ್ಲಿಫೈಯರ್ ಮತ್ತೆ ಸ್ಪೀಕರ್ ಎರಡೂ ಒಂದೇ ಪೆಟ್ಟಿಗೇಲಿ ಇದ್ರೆ ಅದು ಕಾಂಬೋ. ಆಂಪ್ ಬೇರೆ, ಸ್ಪೀಕರ್ ಪೆಟ್ಟಿಗೆ ಬೇರೆ ಇದ್ರೆ ಹೆಡ್ ಮತ್ತೆ ಕ್ಯಾಬಿನೆಟ್. ಮನೆಗೆ ಕಾಂಬೋ ಸಾಕು. ಟ್ರಾನ್ಸಿಸ್ಟರ್ ಮೇಲೆ ಕೆಲಸ ಮಾಡೋದು ಸಾಲಿಡ್ ಸ್ಟೇಟ್, ಹಳೇ ರೇಡಿಯೋಲಿ ಇರೋ ಥರ ಗಾಜಿನ ವಾಲ್ವ್ ಇರೋದು ಟ್ಯೂಬ್ ಆಂಪ್, ಕಡಿಮೆ ಬಿಸಿ ಆಗೋ ಕಡಿಮೆ ತೂಕದ ಹೊಸ ಟೆಕ್ನಿಕ್ಕು ಕ್ಲಾಸ್ ಡಿ. ಮೊಬೈಲಿಂದ ಹಾಡು ಹಾಕಿ ಜೊತೆಗೆ ನುಡಿಸೋಕೆ ಇರೋ ತೂತು ಆಕ್ಸ್ ಇನ್. ಗೇನ್ ಅಂದ್ರೆ ಒಳಗೆ ಬರೋ ಸಿಗ್ನಲ್ ಎಷ್ಟು ಎತ್ತಬೇಕು ಅನ್ನೋ ನಾಬ್, ಮಾಸ್ಟರ್ ಅಂದ್ರೆ ಹೊರಗೆ ಎಷ್ಟು ಜೋರಾಗಿ ಬರ್ಬೇಕು ಅನ್ನೋ ನಾಬ್.

1. ನಿಮಗೆ ಆಂಪ್ ನಿಜವಾಗ್ಲೂ ಬೇಕಾ ಅಂತ ನೋಡ್ಕೊಳ್ಳಿ

ಇದನ್ನ ಮೊದ್ಲು ಹೇಳ್ತಿರೋದು ಯಾಕೆ ಅಂದ್ರೆ ಕೆಲವ್ರಿಗೆ ಬೇಕಾಗಿರೋದೇ ಇಲ್ಲ. ನೀವು ನುಡಿಸೋದು ರಾತ್ರಿ ಹತ್ತರ ಮೇಲೆ, ಇರೋದು ಪಿಜಿ ರೂಮಲ್ಲಿ ಅಥವಾ ತೆಳು ಗೋಡೆಯ ಅಪಾರ್ಟ್‌ಮೆಂಟಲ್ಲಿ ಅಂದ್ರೆ ಎಂಥಾ ಒಳ್ಳೇ ಆಂಪ್ ತಂದ್ರೂ ಅದು ಮೂಲೇಲಿ ಬಟ್ಟೆ ಹಾಕೋ ಸ್ಟ್ಯಾಂಡ್ ಆಗುತ್ತೆ. ಅಂಥವ್ರು ಬೇಸ್‌ಗೇ ನೇರ ಚುಚ್ಚೋ ವಾಕ್ಸ್ ಆಂಪ್‌ಪ್ಲಗ್ ಬೇಸ್ ಥರದ್ದು, ಇಲ್ಲಾಂದ್ರೆ ಝೂಮ್ ಬಿ1 ಫೋರ್ ಥರದ ಹೆಡ್‌ಫೋನ್ ಜಾಕ್ ಇರೋ ಎಫೆಕ್ಟ್ಸ್ ಪೆಡಲ್ ಸೆಕೆಂಡ್ ಹ್ಯಾಂಡ್ ತಗೊಂಡು ಒಂದು ಒಳ್ಳೇ ಹೆಡ್‌ಫೋನಿಗೆ ದುಡ್ಡು ಹಾಕಿ. ಅದ್ರಲ್ಲಿ ಕೇಳೋ ಬೇಸ್ ಸಣ್ಣ ಸ್ಪೀಕರಲ್ಲಿ ಬರೋದಕ್ಕಿಂತ ಚೆನ್ನಾಗೇ ಇರುತ್ತೆ.

ಬೇಸ್ ಸೌಂಡ್ ಗೋಡೆ, ಸ್ಲ್ಯಾಬ್ ಮೂಲಕ ಹೋಗೋ ರೀತಿನೇ ಬೇರೆ. ನಾಲ್ಕು ತಂತಿ ಬೇಸಿನ ದಪ್ಪ ಇ ತಂತಿ ಬಿಟ್ಟು ಬಾರಿಸಿದ್ರೆ ಸುಮಾರು 41 ಹರ್ಟ್ಜ್, ಐದು ತಂತೀದಲ್ಲಿ ಬಿ ತಂತಿ ಸುಮಾರು 31 ಹರ್ಟ್ಜ್. ಮಾಮೂಲಿ ಗಿಟಾರಿನ ದಪ್ಪ ತಂತಿ ಸುಮಾರು 82. 41 ಹರ್ಟ್ಜ್ ಶಬ್ದದ ಒಂದು ಅಲೆ ಸುಮಾರು 8 ಮೀಟರ್ ಉದ್ದ ಇರುತ್ತೆ, ಅದನ್ನ ನಿಮ್ಮ ಬಾಗಿಲು ಕಿಟಕಿ ಕರ್ಟನ್ ಯಾವ್ದೂ ತಡೆಯಲ್ಲ. ನಿಮಗೆ ಹದವಾಗಿ ಕೇಳಿಸ್ತಿದ್ರೂ ಕೆಳಗಿನ ಮನೆ ಅಜ್ಜಿಗೆ ಎದೆ ದಡದಡ ಅಂತಿರುತ್ತೆ. ಕಾನೂನಲ್ಲೂ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಮಿತಿ ಇದೆ, ರಾತ್ರಿ ಅಂದ್ರೆ 10 ಗಂಟೆಯಿಂದ ಬೆಳಿಗ್ಗೆ 6. ಹಗಲು ಒಂದೆರಡು ಗಂಟೆ ಆರಾಮಾಗಿ ನುಡಿಸೋ ಅವಕಾಶ ಇದ್ರೆ ಮುಂದೆ ಓದಿ.

2. ಸೈಜು ಮತ್ತೆ ವ್ಯಾಟು

ಒಂದು ವಿಷಯ ಗೊತ್ತಿದ್ರೆ ವ್ಯಾಟ್ ಬಗ್ಗೆ ಇರೋ ಅರ್ಧ ಗೊಂದಲ ಹೋಗುತ್ತೆ. ವ್ಯಾಟ್ ಡಬಲ್ ಆದ್ರೆ ಶಬ್ದ ಏರೋದು 3 ಡೆಸಿಬಲ್ ಅಷ್ಟೇ, ಕಿವಿಗೆ "ಸ್ವಲ್ಪ ಜಾಸ್ತಿ ಆಯ್ತು" ಅನ್ಸೋಷ್ಟು. ಕಿವಿಗೆ ಎರಡು ಪಟ್ಟು ಜೋರು ಅನ್ನಿಸ್ಬೇಕು ಅಂದ್ರೆ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯಾಟ್ ಬೇಕು. ಹಂಗಾಗಿ 20ಕ್ಕೂ 40ಕ್ಕೂ ಮನೇಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ. ವ್ಯತ್ಯಾಸ ಬರೋದು ಸ್ಪೀಕರ್ ಸೈಜಲ್ಲಿ, ಪೆಟ್ಟಿಗೆ ಸೈಜಲ್ಲಿ.

8 ಇಂಚಿನ ಸ್ಪೀಕರ್ ಪ್ರಾಕ್ಟೀಸಿಗೆ ನಡೆಯುತ್ತೆ. 41 ಹರ್ಟ್ಜ್ ಅದ್ರಿಂದ ಹೆಚ್ಚು ಹೊರಗೆ ಬರಲ್ಲ, ಆದ್ರೆ ಆ ಸ್ವರದ ಮೇಲಿನ ಹಾರ್ಮೋನಿಕ್ಸ್, ಅಂದ್ರೆ ಎರಡು ಪಟ್ಟು ಮೂರು ಪಟ್ಟು ಫ್ರೀಕ್ವೆನ್ಸಿಯ ಧ್ವನಿಗಳು ಬರುತ್ತಲ್ಲ, ಅವನ್ನ ಕೇಳಿ ನಮ್ಮ ಮೆದುಳು ಕೆಳಗಿನ ಸ್ವರನ ತಾನೇ ತುಂಬ್ಕೊಳ್ಳುತ್ತೆ. ಸ್ವಲ್ಪ ಜಾಗ, ಸ್ವಲ್ಪ ದುಡ್ಡು ಇದ್ರೆ 10 ಇಂಚಿಂದು ನೋಡಿ, ನನ್ನ ಪ್ರಕಾರ ಮನೆಗೆ ಅದೇ ಹದ. 12 ಇಂಚು ಚೆನ್ನಾಗಿರುತ್ತೆ, ಫ್ರೆಂಡ್ಸ್ ಜೊತೆ ಡ್ರಮ್ಸ್ ಇಟ್ಕೊಂಡು ನುಡಿಸೋ ಪ್ಲ್ಯಾನ್ ಇದ್ರೆ ಅದು ಬೇಕಾಗುತ್ತೆ, ಬರೀ ಬೆಡ್‌ರೂಮಿಗೆ ಬೇಡ. 6 ಇಂಚಿಗಿಂತ ಚಿಕ್ಕ ಸ್ಪೀಕರಿಂದು, ಬ್ಯಾಟರಿ ಮೇಲೆ ಓಡೋದು, ಇವು ಹೆಡ್‌ಫೋನ್ ಬದಲಿಗೆ ಓಕೆ. ಐದು ತಂತಿ ಬೇಸ್ ಇರೋರು 8 ಇಂಚು ಬಿಟ್ಟು 10ಕ್ಕೇ ಹೋಗಿ.

ಟ್ಯೂಬ್ ಆಂಪ್ ಕಡೆ ನೋಡ್ಲೇಬೇಡಿ. ಸೌಂಡ್ ಅದ್ಭುತ, ನಿಜ, ಆದ್ರೆ ತೂಕ, ವಾಲ್ವ್ ಬದಲಾಯಿಸೋ ಖರ್ಚು, ರಿಪೇರಿ ಮಾಡೋರು ಸಿಗೋದು ಕಷ್ಟ, ಮನೆ ವಾಲ್ಯೂಮಲ್ಲಿ ಅದ್ರ ಮಜಾನೂ ಸಿಗಲ್ಲ.

ಇನ್ನೊಂದು ಪ್ರಶ್ನೆ ತುಂಬಾ ಬರುತ್ತೆ, ಗಿಟಾರ್ ಆಂಪ್‌ಗೆ ಬೇಸ್ ಹಾಕಬಹುದಾ ಅಂತ. ತುಂಬಾ ಸಣ್ಣ ವಾಲ್ಯೂಮಲ್ಲಿ ಹಾಕಿದ್ರೆ ಏನೂ ಆಗಲ್ಲ. ವಾಲ್ಯೂಮ್ ಏರಿಸಿದ್ರೆ ಗಿಟಾರ್ ಸ್ಪೀಕರಿನ ಕೋನು, ಅಂದ್ರೆ ಮುಂದೆ ಕಾಣೋ ಅದುರೋ ಭಾಗ, ಅಷ್ಟು ಹಿಂದೆ ಮುಂದೆ ಓಡಾಡೋಕೆ ಮಾಡಿರೋದಲ್ಲ, ಹರಿಯುತ್ತೆ ಇಲ್ಲಾ ಒಳಗಿನ ಕಾಯಿಲ್ ಉಜ್ಜೋಕೆ ಶುರು ಆಗುತ್ತೆ. ಮನೇಲಿ ಈಗಾಗ್ಲೇ ಇದ್ರೆ ಉಪಯೋಗಿಸಿ, ಬೇಸ್‌ಗೋಸ್ಕರ ಅಂತ ಕೊಂಡ್ಕೋಬೇಡಿ.

3. ಹಿಂದೆ ಮುಂದೆ ಯಾವ ತೂತುಗಳು ಇರ್ಲೇಬೇಕು

ಹೆಡ್‌ಫೋನ್ ಜಾಕ್, ಕಡ್ಡಾಯ. ಆಕ್ಸ್ ಇನ್, ಇದ್ರೆ ತುಂಬಾ ಅನುಕೂಲ, ಹಾಡಿನ ಜೊತೆ ನುಡಿಸದೇ ಬೇಸ್ ಕಲಿಯೋಕೆ ಆಗಲ್ಲ ಅಂತ ನನ್ನ ನಂಬಿಕೆ. ಬೇಸ್, ಮಿಡ್, ಟ್ರೆಬಲ್, ಅಂದ್ರೆ ಕೆಳಗಿನ, ನಡುವಿನ, ಮೇಲಿನ ಧ್ವನಿಗೆ ಮೂರು ಬೇರೆ ಬೇರೆ ನಾಬ್ ಇರ್ಲಿ, ಅದ್ರಲ್ಲೂ ಮಿಡ್ ಮುಖ್ಯ, ಯಾಕಂದ್ರೆ ಸಣ್ಣ ವಾಲ್ಯೂಮಲ್ಲಿ ನಿಮ್ಮ ಬೆರಳು ಏನ್ ಮಾಡ್ತಿದೆ ಅಂತ ಕೇಳಿಸೋದೇ ಮಿಡ್‌ನಿಂದ. ಲೈನ್ ಔಟ್ ಇದ್ರೆ ಮುಂದೆ ಸೌಂಡ್ ಮಿಕ್ಸರಿಗೆ ಹಾಕೋಕೆ ಬರುತ್ತೆ, ಇಲ್ದಿದ್ರೂ ನಷ್ಟ ಇಲ್ಲ. ಬ್ಲೂಟೂತು, ನೂರೆಂಟು ಎಫೆಕ್ಟು, ಬಣ್ಣಬಣ್ಣದ ಲೈಟು ಇದಕ್ಕೆಲ್ಲ ಎಕ್ಸ್‌ಟ್ರಾ ದುಡ್ಡು ಕೊಡ್ಬೇಡಿ.

ಕೆಲವು ಆಂಪಲ್ಲಿ ಆಕ್ಟಿವ್, ಪ್ಯಾಸಿವ್ ಅಂತ ಎರಡು ಇನ್‌ಪುಟ್ ಅಥವಾ ಒಂದು ಬಟನ್ ಇರುತ್ತೆ. ನಿಮ್ಮ ಬೇಸಲ್ಲಿ 9 ವೋಲ್ಟ್ ಬ್ಯಾಟರಿ ಹಾಕ್ತೀರಾ ಅಂದ್ರೆ ಅದು ಆಕ್ಟಿವ್, ಇಲ್ಲಾಂದ್ರೆ ಪ್ಯಾಸಿವ್. ತಪ್ಪು ಕಡೆ ಹಾಕಿದ್ರೆ ಸುಟ್ಟು ಹೋಗಲ್ಲ, ಸೌಂಡ್ ಒಡೆದಂಗೆ ಅಥವಾ ಮಂಕಾಗಿ ಬರುತ್ತೆ ಅಷ್ಟೇ.

4. ಯಾವ ಮಾಡೆಲ್ ಹುಡುಕ್ಬೇಕು

ಫೆಂಡರ್ ರಂಬಲ್ ಸರಣಿ ಮೊದ್ಲು ನೋಡಿ. ರಂಬಲ್ 25ರಲ್ಲಿ 8 ಇಂಚು, ರಂಬಲ್ 40ರಲ್ಲಿ 10 ಇಂಚು, ರಂಬಲ್ 100ರಲ್ಲಿ 12 ಇಂಚು. 2014ರಲ್ಲಿ ಬಂದ ಮೂರನೇ ತಲೆಮಾರಿನವು ಹಿಂದಿನವಕ್ಕಿಂತ ತುಂಬಾ ಹಗುರ, ಒಂದೇ ಕೈಯಲ್ಲಿ ಎತ್ಕೊಂಡು ಮೆಟ್ಲು ಹತ್ತಬಹುದು. ಹಂಗಾಗಿ ಯಾರಾದ್ರೂ ರಂಬಲ್ ಅಂದ್ರೆ ಯಾವ ತಲೆಮಾರಿಂದು ಅಂತ ಕೇಳಿ, ಫೋಟೋ ತರಿಸ್ಕೊಳ್ಳಿ. ನನ್ನನ್ನ ಒಂದೇ ಹೆಸರು ಹೇಳು ಅಂದ್ರೆ ರಂಬಲ್ 40 ಅಂತೀನಿ.

ಆಂಪೆಗ್‌ನವರ ಬಿಎ-108, ಬಿಎ-110 ಚೆನ್ನಾಗಿವೆ, ಪೆಟ್ಟಿಗೆ ಓರೆ ಮಾಡಿ ಸ್ಪೀಕರ್ ಮುಖ ಮೇಲಕ್ಕೆ ತಿರುಗಿಸಿ ಇಡೋ ವ್ಯವಸ್ಥೆ ಇದೆ, ಕೂತು ನುಡಿಸೋರಿಗೆ ಕಾಲಿಗೆ ಕೇಳಿಸೋ ಬದ್ಲು ಕಿವಿಗೆ ಕೇಳಿಸುತ್ತೆ. ಲೇನಿ ಆರ್‌ಬಿ1 ಅಂದ್ರೆ 15 ವ್ಯಾಟ್, 8 ಇಂಚು, ಆರ್‌ಬಿ2 ಅಂದ್ರೆ 30 ವ್ಯಾಟ್, 10 ಇಂಚು, ಗಟ್ಟಿಮುಟ್ಟು. ಹಾರ್ಟ್‌ಕಿ ಎಚ್‌ಡಿ25, ಎಚ್‌ಡಿ50, ಇವುಗಳ ಸ್ಪೀಕರ್ ಕೋನು ಪೇಪರ್ ಮತ್ತೆ ಅಲ್ಯೂಮಿನಿಯಂ ಎರಡೂ ಸೇರಿರೋದು, ಸೌಂಡ್ ಸ್ವಲ್ಪ ಚುರುಕಾಗಿರುತ್ತೆ, ಹೆಬ್ಬೆರಳಲ್ಲಿ ಬಡಿದು ನುಡಿಸೋ ಸ್ಲ್ಯಾಪ್ ಇಷ್ಟ ಇರೋರಿಗೆ ಹಿಡಿಸುತ್ತೆ. ಆರೆಂಜ್ ಕ್ರಶ್ ಬೇಸ್ 25ರಲ್ಲಿ ಟ್ಯೂನರ್ ಒಳಗೇ ಇದೆ. ರೋಲ್ಯಾಂಡ್ ಮೈಕ್ರೋ ಕ್ಯೂಬ್ ಬೇಸ್ ಆರ್‌ಎಕ್ಸ್ 4 ಇಂಚಿನ ನಾಲ್ಕು ಪುಟ್ಟ ಸ್ಪೀಕರಿಂದು, ಬ್ಯಾಟರಿ ಮೇಲೂ ಓಡುತ್ತೆ, ಪವರ್ ಕಟ್ ಜಾಸ್ತಿ ಇರೋ ಊರವ್ರಿಗೆ ಉಪಯೋಗ. ನಮ್ಮ ದೇಶದ ಸ್ಟ್ರೇಂಜರ್, ಪ್ಯಾಲ್ಕೋ ಆಂಪ್‌ಗಳೂ ಸೆಕೆಂಡ್ ಹ್ಯಾಂಡಲ್ಲಿ ಬರ್ತವೆ, ಬೆಲೆ ಕಡಿಮೆ. ಆದ್ರೆ ಅದು ಬೇಸ್‌ಗೆ ಮಾಡಿರೋದಾ, ಗಿಟಾರ್‌ಗಾ, ಇಲ್ಲಾ ಮೈಕ್ ಕೀಬೋರ್ಡ್ ಎಲ್ಲಾ ಹಾಕೋ ಥರದ್ದಾ ಅಂತ ಮಾಡೆಲ್ ನಂಬರ್ ಹಿಡಿದು ಖಚಿತ ಮಾಡ್ಕೊಳ್ಳಿ.

5. ಎಲ್ಲಿ ಹುಡುಕೋದು, ಎಷ್ಟು ಕೊಡೋದು

ಓಎಲ್‌ಎಕ್ಸು, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸು, ಮ್ಯೂಸಿಷಿಯನ್ಸ್ ವಾಟ್ಸಾಪ್ ಗ್ರೂಪು, ಇವು ಎಲ್ರಿಗೂ ಗೊತ್ತಿರೋದೇ. ಅದಕ್ಕಿಂತ ಒಳ್ಳೇ ದಾರಿ ನಿಮ್ಮ ಬೇಸ್ ಮೇಷ್ಟ್ರನ್ನ ಕೇಳೋದು, ಯಾವ ಸ್ಟೂಡೆಂಟ್ ಕಲಿಯೋದು ಬಿಟ್ಟ, ಯಾರು ಫಾರಿನ್‌ಗೆ ಹೊರಟಿದಾರೆ ಅಂತ ಅವ್ರಿಗೇ ಮೊದ್ಲು ಗೊತ್ತಾಗೋದು. ಚರ್ಚ್ ಕ್ವಯರಲ್ಲಿ ನುಡಿಸೋರಿಗೂ ಹೇಳಿಟ್ಟಿರಿ. ಆರ್ಕೆಸ್ಟ್ರಾದವರ ಹತ್ರ ಇರೋ ಆಂಪ್ ಬಗ್ಗೆ ಸ್ವಲ್ಪ ಹುಷಾರು. ಅವರು ಕೆಟ್ಟದ್ದು ಕೊಡ್ತಾರೆ ಅಂತಲ್ಲ, ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಊರೂರು ಟೆಂಪೋಲಿ ಸುತ್ತಿ, ಜನರೇಟರ್ ಕರೆಂಟಲ್ಲಿ ಫುಲ್ ವಾಲ್ಯೂಮಲ್ಲಿ ಓಡಿರುತ್ತೆ, ಜೀವ ಸವೆದಿರುತ್ತೆ. ಬೆಡ್‌ರೂಮಲ್ಲೇ ಇದ್ದು ಧೂಳು ಹಿಡಿದಿರೋ ಆಂಪ್ ನಿಮಗೆ ಬೇಕಾಗಿರೋದು.

ಬೆಲೆಗೆ ನನ್ನ ಲೆಕ್ಕ ಹೀಗೆ. ಆ ಮಾಡೆಲ್ ಇವತ್ತು ಹೊಸದು ಎಷ್ಟಿದೆ ಅಂತ ಎರಡು ಮೂರು ಅಂಗಡಿ ಸೈಟಲ್ಲಿ ನೋಡಿ, ಮಾರೋರು ಹೇಳೋ "ನಾನು ತಗೊಂಡಾಗ ಇಷ್ಟು ಕೊಟ್ಟಿದ್ದೆ" ಅನ್ನೋದು ಲೆಕ್ಕಕ್ಕೆ ಬೇಡ. ಬಿಲ್ ಇದ್ದು, ಡಬ್ಬ ಇದ್ದು, ಹೊಸದರ ಥರ ಇದ್ರೆ ಆ ಬೆಲೆಯ ನೂರಕ್ಕೆ 60ರವರೆಗೆ ಹೋಗಬಹುದು. ಬಿಲ್ ಇಲ್ಲ, ಗೀರು ಪಾರು ಇದೆ, ಆದ್ರೆ ಎಲ್ಲಾ ಕೆಲಸ ಮಾಡ್ತಿದೆ ಅಂದ್ರೆ ಅರ್ಧಕ್ಕಿಂತ ಕೆಳಗೆ. ಈಗ ತಯಾರಿಲ್ಲದ ಮಾಡೆಲ್ ಆದ್ರೆ ಅದೇ ಸೈಜಿನ ಇವತ್ತಿನ ಇನ್ನೊಂದು ಮಾಡೆಲ್ ಬೆಲೆ ಇಟ್ಕೊಂಡು ಹೋಲಿಸಿ. ಹಳೇದು ವಿಂಟೇಜು ಅಂತ ಪ್ರಾಕ್ಟೀಸ್ ಆಂಪ್‌ಗೆ ಜಾಸ್ತಿ ಕೇಳಿದ್ರೆ ನಮಸ್ಕಾರ ಹೇಳಿ ಬನ್ನಿ.

6. ಹೋಗೋಕ್ ಮುಂಚೆ ಫೋನಲ್ಲಿ ಕೇಳ್ಬೇಕಾದ್ದು

ಎಷ್ಟು ವರ್ಷ ಆಯ್ತು, ಯಾವತ್ತಾದ್ರೂ ರಿಪೇರಿ ಆಗಿದ್ಯಾ, ಸ್ಪೀಕರ್ ಒರಿಜಿನಲ್ಲಾ, ಬಿಲ್ ಇದ್ಯಾ, ಯಾಕೆ ಮಾರ್ತಿದೀರಾ. ಇಷ್ಟು ಕೇಳಿ ಆದ್ಮೇಲೆ ಹಿಂದಿನ ಪ್ಲೇಟಿನ ಫೋಟೋ ಕಳ್ಸೋಕೆ ಹೇಳಿ, ಪವರ್ ಕಾರ್ಡ್ ಚುಚ್ಚೋ ಜಾಗದ ಪಕ್ಕ ವೋಲ್ಟೇಜ್ ಬರೆದಿರೋದು ಓದೋಕ್ ಬರೋ ಹಾಗೆ.

ಈ ವೋಲ್ಟೇಜ್ ವಿಷಯ ಹಗುರವಾಗಿ ತಗೋಬೇಡಿ. ನಮ್ಮ ಮನೆ ಕರೆಂಟು 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, ಜಪಾನಲ್ಲಿ 100. ಬೆಂಗಳೂರು, ಮೈಸೂರು ಕಡೆ ಅಮೆರಿಕದಿಂದ ವಾಪಸ್ ಬಂದೋರು ಅಲ್ಲಿಂದ ತಂದ ಆಂಪ್ ಮಾರೋದು ಉಂಟು. ಅದ್ರ ಮೇಲೆ 120 ವೋಲ್ಟ್ ಅಂತಷ್ಟೇ ಬರೆದಿದ್ದು ನೀವು ಪ್ಲಗ್ ಅಡಾಪ್ಟರ್ ಹಾಕಿ ನೇರ ನಮ್ಮ ಸಾಕೆಟ್‌ಗೆ ಚುಚ್ಚಿದ್ರೆ ಅದೃಷ್ಟ ಇದ್ರೆ ಫ್ಯೂಸ್ ಹೋಗುತ್ತೆ, ಇಲ್ಲಾಂದ್ರೆ ಒಳಗಿನ ಟ್ರಾನ್ಸ್‌ಫಾರ್ಮರೋ ಬೋರ್ಡೋ ಹೋಗುತ್ತೆ. ಪ್ಲಗ್ ಅಡಾಪ್ಟರ್ ಬರೀ ಪಿನ್ನಿನ ಆಕಾರ ಬದಲಾಯಿಸೋದು, ವೋಲ್ಟೇಜ್ ಇಳಿಸಲ್ಲ. ಕೆಲವು ಆಂಪ್ ಹಿಂದೆ 115/230 ಅಂತ ಸ್ವಿಚ್ ಇರುತ್ತೆ, ಅದು 230ಕ್ಕೆ ಇರ್ಬೇಕು, ಇನ್ನು ಕೆಲವು 100ರಿಂದ 240ರವರೆಗೆ ಯಾವ್ದಕ್ಕಾದ್ರೂ ಓಡ್ತವೆ, ಆಗ ತೊಂದರೆ ಇಲ್ಲ. ಬರೀ 120ರದ್ದೇ ಆದ್ರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಅಂದ್ರೆ 230ನ್ನ 110ಕ್ಕೆ ಇಳಿಸೋ ಡಬ್ಬ ಬೇಕು. ಅದ್ರ ವಿಎ ರೇಟಿಂಗು, ಅಂದ್ರೆ ಅದು ಎಷ್ಟು ಪವರ್ ಕೊಡಬಲ್ಲದು ಅನ್ನೋ ಅಂಕಿ, ಆಂಪಿನ ಹಿಂದೆ ಬರೆದಿರೋ "ಪವರ್ ಕನ್ಸಂಪ್ಶನ್" ಅಂಕಿಗಿಂತ ಆರಾಮಾಗಿ ಜಾಸ್ತಿ ಇರ್ಬೇಕು, 25 ವ್ಯಾಟ್ 40 ವ್ಯಾಟ್ ಅನ್ನೋ ಔಟ್‌ಪುಟ್ ಅಂಕಿ ನೋಡಿ ತಗೋಬೇಡಿ. ಆ ಖರ್ಚನ್ನ ಬೆಲೇಲಿ ಕಳೀರಿ, ಕಳೆಯೋಕೆ ಒಪ್ಪದಿದ್ರೆ ಬೇರೆ ಆಂಪ್ ನೋಡಿ.

7. ಅವರ ಮನೇಲಿ ಟೆಸ್ಟ್ ಮಾಡೋದು

ನಿಮ್ಮದೇ ಬೇಸು, ನಿಮ್ಮದೇ ಕೇಬಲ್ಲು, ಒಂದು ಹೆಡ್‌ಫೋನು, ಮೊಬೈಲಿಂದ ಆಕ್ಸಿಗೆ ಹಾಕೋ ವೈರು ತಗೊಂಡೋಗಿ. ಹೆಡ್‌ಫೋನ್ ಜಾಕ್ ಕೆಲವು ಆಂಪಲ್ಲಿ ದಪ್ಪದು, 6.35 ಮಿಲಿಮೀಟರಿಂದು ಇರುತ್ತೆ, ಅದಕ್ಕೆ ಕನ್ವರ್ಟರ್ ಬೇಕು. ಬೆಂಗಳೂರಲ್ಲಿ ಎಸ್.ಪಿ. ರೋಡಿನ ಅಂಗಡೀಲಿ ಪಿ-38 ಅಂತ ಕೇಳಿದ್ರೆ ತೆಗೆದು ಕೊಡ್ತಾರೆ, ಸ್ಟೀರಿಯೋದ್ದು ಅಂತ ಹೇಳಿ. ಜೊತೆಗೆ ಟಾರ್ಚು, ಒಂದು ಟೆಸ್ಟರು. ಹಗಲು ಹೊತ್ತು ಹೋಗಿ, ಅರ್ಧ ಗಂಟೆ ಬೇಕಾಗುತ್ತೆ ಅಂತ ಮುಂಚೆನೇ ಹೇಳಿ.

ಆನ್ ಮಾಡೋಕ್ ಮುಂಚೆ ಕಣ್ಣಲ್ಲಿ ನೋಡಿ. ಟಾರ್ಚನ್ನ ಜಾಲರಿ ಮೂಲಕ ಓರೆಯಾಗಿ ಹಿಡಿದ್ರೆ ಕೋನಿನ ಮೇಲೆ ಹರಿದಿರೋದು, ಫೆವಿಕಾಲ್ ಹಚ್ಚಿ ಅಂಟಿಸಿರೋದು ಹೊಳೆಯುತ್ತೆ. ನಡುವಿನ ಗುಂಡು ಟೋಪಿ ಸ್ವಲ್ಪ ಒಳಕ್ಕೆ ಹೋಗಿದ್ರೆ ಚಿಂತೆ ಇಲ್ಲ. ಕೋನಿನ ಸುತ್ತ ಅಂಚಲ್ಲಿರೋ ಮೆತ್ತನೆ ಪಟ್ಟಿ ಪುಡಿಪುಡಿ ಆಗಿದ್ರೆ ಚಿಂತೆ ಇದೆ. ಮಂಗಳೂರು, ಉಡುಪಿ, ಕಾರವಾರ ಕಡೆಯಿಂದ ಬಂದ ಆಂಪ್ ಆದ್ರೆ ಜಾಕಿನ ತೂತೊಳಗೆ, ಸ್ಕ್ರೂ ತಲೆ ಮೇಲೆ ತುಕ್ಕು, ಪೆಟ್ಟಿಗೆ ಕೆಳಗೆ ತೇವ ಹೀರಿ ಉಬ್ಬಿರೋ ಹಲಗೆ ನೋಡಿ. ಹಿಂದಿನ ಸ್ಕ್ರೂಗಳ ತಲೆ ಸವೆದಿದ್ರೆ ಯಾರೋ ಬಿಚ್ಚಿದಾರೆ ಅಂತ ಅರ್ಥ, ಯಾಕೆ ಅಂತ ಕೇಳಿ. ಪವರ್ ಕಾರ್ಡ್ ಕಿತ್ತು, ಅದ್ರ ಹತ್ರ ಫ್ಯೂಸಿನ ಪುಟ್ಟ ಡ್ರಾಯರ್ ಇದ್ರೆ ಸ್ಕ್ರೂಡ್ರೈವರಲ್ಲಿ ಎಳೆದು ನೋಡೋಕೆ ಅನುಮತಿ ಕೇಳಿ. ಗಾಜಿನ ಫ್ಯೂಸ್ ಸುತ್ತ ತಂತಿ ಸುತ್ತಿದ್ರೆ, ಇಲ್ಲಾ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಚಿ ಇಟ್ಟಿದ್ರೆ ಅಲ್ಲಿಗೇ ನಿಲ್ಸಿ. ಫ್ಯೂಸ್ ಮತ್ತೆ ಮತ್ತೆ ಹೋಗ್ತಿದ್ದಕ್ಕೇ ಯಾರೋ ಹಂಗೆ ಮಾಡಿರ್ತಾರೆ, ಒಳಗೆ ಏನೋ ದೊಡ್ಡದೇ ಆಗಿರುತ್ತೆ.

ಈಗ ಎಲ್ಲಾ ನಾಬ್ ಸೊನ್ನೆಗೆ ಇಟ್ಟು ಆನ್ ಮಾಡಿ. ಸಣ್ಣ "ಟಪ್" ಬಂದ್ರೆ ಸರಿ. ಸ್ಪೀಕರ್ ಕೋನು ಧಡ್ ಅಂತ ಮುಂದೆ ಬಂದು ಅಲ್ಲೇ ನಿಂತ್ಕೊಂಡ್ರೆ ತಕ್ಷಣ ಆಫ್ ಮಾಡಿ, ಔಟ್‌ಪುಟ್ಟಲ್ಲಿ ಡಿಸಿ ಕರೆಂಟ್ ಬರ್ತಿದೆ, ಆ ಆಂಪ್ ಬೇಡ. ಕೇಬಲ್ ಇಲ್ದೇ ಮಾಸ್ಟರನ್ನ ಅರ್ಧಕ್ಕೆ ತನ್ನಿ. ಸ್ವಲ್ಪ ಸ್ಸ್ ಅನ್ನೋ ಶಬ್ದ ಎಲ್ಲಾದ್ರಲ್ಲೂ ಇರುತ್ತೆ, ಕೇಬಲ್ಲೇ ಇಲ್ದಾಗ ಗುಂಯ್ ಅನ್ನೋ ಹಮ್ ಜೋರಾಗಿ ಬಂದ್ರೆ ಆಂಪಿನೊಳಗೇ ಸಮಸ್ಯೆ, ಬಹುಪಾಲು ಪವರ್ ಸಪ್ಲೈ ಕೆಪ್ಯಾಸಿಟರು.

ಆಮೇಲೆ ಬೇಸ್ ಹಾಕಿ. ಈಗ ಹಮ್ ಬಂದ್ರೆ ಆಂಪನ್ನೇ ಬೈಬೇಡಿ, ಸ್ವಲ್ಪ ಪತ್ತೇದಾರಿ ಮಾಡಿ. ರೂಮಿನ ಫ್ಯಾನ್ ರೆಗ್ಯುಲೇಟರ್ ಎರಡರಲ್ಲೋ ಮೂರರಲ್ಲೋ ಇದ್ರೆ ಫ್ಯಾನ್ ಆಫ್ ಮಾಡಿಸಿ, ಎಲೆಕ್ಟ್ರಾನಿಕ್ ರೆಗ್ಯುಲೇಟರು ತಂತಿ ಅದುರೋದನ್ನ ಸಿಗ್ನಲ್ ಮಾಡೋ ಬೇಸಿನ ಪಿಕಪ್‌ಗೆ ಝೀಂಯ್ ಅನ್ನೋ ಶಬ್ದ ತುಂಬುತ್ತೆ. ಪವರ್ ಕಟ್ಟಾಗಿ ಇನ್ವರ್ಟರ್ ಮೇಲೆ ಓಡ್ತಿದ್ರೆ ಟೆಸ್ಟೇ ಮಾಡ್ಬೇಡಿ, ಸಾದಾ ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ಯಾವ ಒಳ್ಳೇ ಆಂಪೂ ಗುರುಗುಡುತ್ತೆ, ಕರೆಂಟ್ ಬರೋವರೆಗೆ ಕಾಯಿರಿ. ನಿಮ್ಮದು ಜಾಝ್ ಬೇಸ್ ಥರದ ಎರಡು ಸಿಂಗಲ್ ಕಾಯಿಲ್, ಅಂದ್ರೆ ಒಂದೇ ತಂತಿ ಸುರುಳಿಯ, ಪಿಕಪ್‌ದಾದ್ರೆ ಎರಡೂ ವಾಲ್ಯೂಮ್ ನಾಬ್ ಫುಲ್ ಇಡಿ, ಒಂದು ಕಡಿಮೆ ಆದ್ರೂ ಹಮ್ ಏರುತ್ತೆ. ತಂತಿ ಮುಟ್ಟಿದ ತಕ್ಷಣ ಹಮ್ ಇಳಿದ್ರೆ ಅದು ಸಹಜ, ಆಂಪ್ ತಪ್ಪಲ್ಲ.

ಬೇಸ್, ಮಿಡ್, ಟ್ರೆಬಲ್ ನಡುಮಧ್ಯೆ ಇಟ್ಟು ದಪ್ಪ ತಂತಿ ಮೇಲೆ ಒಂದೊಂದೇ ಫ್ರೆಟ್ ನಿಧಾನವಾಗಿ, ಬಿಟ್ಟ ತಂತಿಯಿಂದ 12ನೇ ಫ್ರೆಟ್‌ವರೆಗೆ ನುಡಿಸಿ. ಪ್ರತಿ ಸ್ವರನೂ ಪೂರ್ತಿ ಸಾಯೋವರೆಗೆ ಕೇಳಿ. ಯಾವುದೋ ಒಂದೇ ಸ್ವರಕ್ಕೆ ಗರ್ರ್ ಅಂತ ನಡುಕ ಬರುತ್ತೆ, ಅಲ್ಲಿ ಪೆಟ್ಟಿಗೆ ಮೇಲೆ ಕೈ ಇಡಿ, ಜಾಲರಿ ಒತ್ತಿ, ಹಿಡಿಕೆ ಹಿಡ್ಕೊಳ್ಳಿ. ನಿಂತ್ರೆ ಬರೀ ಸಡಿಲ ಸ್ಕ್ರೂ, ಐದು ನಿಮಿಷದ ಕೆಲಸ. ನಿಲ್ಲದಿದ್ರೆ ಎದ್ದು ರೂಮಲ್ಲಿ ಓಡಾಡಿ, ಎಷ್ಟೋ ಸಲ ಅಲುಗಾಡ್ತಿರೋದು ಅವರ ಶೋಕೇಸಿನ ಗಾಜೋ ಸ್ಟೀಲ್ ಡಬ್ಬದ ಮುಚ್ಚಳವೋ ಆಗಿರುತ್ತೆ. ಅದೂ ಅಲ್ಲ, ಸ್ಪೀಕರಿಂದಲೇ ಬರ್ತಿದೆ ಅನ್ಸಿದ್ರೆ ಆಂಪ್ ಆಫ್ ಮಾಡಿ, ಜಾಲರಿ ಬಿಚ್ಚೋಕೆ ಬಂದ್ರೆ ಬಿಚ್ಚಿ, ನಡುವಿನ ಟೋಪಿಯ ಎರಡೂ ಕಡೆ ಬೆರಳಿಟ್ಟು ಕೋನನ್ನ ಸಮವಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಶಬ್ದ ಇಲ್ದೇ ಹೋಗಿ ಬರ್ಬೇಕು. ಮರಳು ಕಾಗದ ಉಜ್ಜಿದಂಗೆ ಕರಕ್ ಅಂದ್ರೆ ವಾಯ್ಸ್ ಕಾಯಿಲ್, ಅಂದ್ರೆ ಕೋನಿನ ಹಿಂದೆ ಮ್ಯಾಗ್ನೆಟ್ ಸಂದೀಲಿ ಓಡಾಡೋ ತಂತಿ ಸುರುಳಿ, ಪಕ್ಕಕ್ಕೆ ಉಜ್ಜುತ್ತಿದೆ. ಸ್ಪೀಕರ್ ಹೋಯ್ತು ಅಂತಲೇ ಲೆಕ್ಕ.

ನುಡಿಸ್ತಾ ನುಡಿಸ್ತಾ ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಪ್ರತಿ ಬಟನ್ ಒತ್ತಿ. ಜಾಕನ್ನ ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ, ಸೌಂಡ್ ಬಂದು ಹೋಗಿ ಮಾಡ್ಬಾರ್ದು. ಪೆಟ್ಟಿಗೆ ತಲೆ ಮೇಲೆ ಮುಷ್ಟೀಲಿ ಮೆತ್ತಗೆ ಎರಡು ಗುದ್ದು ಕೊಡಿ, ಚಟಪಟ ಅಂದ್ರೆ ಒಳಗೆ ಬೆಸುಗೆ ಬಿಟ್ಟಿದೆ. ಹೆಡ್‌ಫೋನ್ ಹಾಕಿ: ಸ್ಪೀಕರ್ ಸುಮ್ಮನಾಗ್ಬೇಕು, ಎರಡೂ ಕಿವಿಗೆ ಕೇಳಿಸ್ಬೇಕು, ತೆಗೆದಾಗ ಸ್ಪೀಕರ್ ತಿರುಗಾ ಬರ್ಬೇಕು. ಈ ಜಾಕಿನೊಳಗಿನ ಪುಟ್ಟ ಸ್ವಿಚ್ ತುಕ್ಕು ಹಿಡಿದು ಸ್ಪೀಕರೇ ಬರ್ದೇ ಇರೋದು ತುಂಬಾ ಕಾಮನ್. ಆಕ್ಸಿಗೆ ಮೊಬೈಲ್ ಹಾಕಿ ಒಂದು ಹಾಡಿನ ಜೊತೆ ನುಡಿಸಿ. ಕೊನೇಲಿ ಐದು ನಿಮಿಷ ಜೋರಾಗಿ. ಒಟ್ಟು ಅರ್ಧ ಗಂಟೆ ಆಂಪ್ ಆನಲ್ಲೇ ಇರ್ಲಿ, ತಣ್ಣಗಿದ್ದಾಗ ಸರಿ ಇದ್ದು ಬಿಸಿ ಆದ್ಮೇಲೆ ಕೈ ಕೊಡೋ ಆಂಪ್‌ಗಳು ಆಗಲೇ ಗೊತ್ತಾಗೋದು.

8. ಜುಮ್ ಅಂದ್ರೆ ಬಿಟ್ಟುಬಿಡಿ

ಇದನ್ನ ಬೇರೆಯಾಗೇ ಬರೀತೀನಿ. ಬೇಸ್ ತಂತಿ ಲೋಹ, ಅದು ಕೇಬಲ್ ಮೂಲಕ ಆಂಪಿನ ಲೋಹದ ಮೈಗೆ ಸೇರಿರುತ್ತೆ, ನೀವು ಎರಡೂ ಕೈಯಲ್ಲಿ ಅದನ್ನ ಹಿಡ್ಕೊಂಡು ಗಂಟೆಗಟ್ಲೆ ಕೂರ್ತೀರಾ. ಆಂಪಿನ ಲೋಹದ ಭಾಗಕ್ಕೆ, ಹಿಂದಿನ ಪ್ಲೇಟಿನ ಸ್ಕ್ರೂಗೆ ಟೆಸ್ಟರ್ ಇಟ್ಟು ನೋಡಿ. ಲೈಟ್ ಹತ್ತಿದ್ರೆ, ಅಥವಾ ತಂತಿ ಮುಟ್ಟಿದಾಗ ಬೆರಳು ಜುಮ್ ಅಂದ್ರೆ, ಮೊದ್ಲು ಆ ಸಾಕೆಟ್ಟಲ್ಲಿ ಅರ್ಥಿಂಗ್ ಇದ್ಯಾ ಅಂತ ಅನುಮಾನ ಪಡಿ, ಎಷ್ಟೋ ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತೆ, ಹಿಂದೆ ವೈರೇ ಇರಲ್ಲ. ಅರ್ಥಿಂಗ್ ಸರಿ ಇದೆ ಅಂತ ಗೊತ್ತಿರೋ ಇನ್ನೊಂದು ಸಾಕೆಟ್ಟಲ್ಲೂ ಹಂಗೇ ಆದ್ರೆ ಆಂಪಲ್ಲೇ ದೋಷ, ಪುಕ್ಕಟೆ ಕೊಟ್ರೂ ಬೇಡ.

ಕೆಲವರು ಹಮ್ ಹೋಗ್ಲಿ ಅಂತ ಮೂರು ಪಿನ್ನಿನ ಪ್ಲಗಲ್ಲಿ ದಪ್ಪ ಪಿನ್ ಮುರಿದು ಎರಡೇ ಪಿನ್ನಲ್ಲಿ ಓಡಿಸ್ತಾರೆ. ದಯವಿಟ್ಟು ಅದನ್ನ ಯಾವತ್ತೂ ಮಾಡ್ಬೇಡಿ. ಆ ಪಿನ್ ಇರೋದೇ ಒಳಗೆ ಏನಾದ್ರೂ ಲೈನ್ ವೈರ್ ಬಿಚ್ಚಿ ಮೈಗೆ ತಾಗಿದ್ರೆ ಕರೆಂಟು ನಿಮ್ಮ ಮೂಲಕ ಹೋಗದೇ ಭೂಮಿಗೆ ಹೋಗ್ಲಿ ಅಂತ. ನಿಮ್ಮ ಮನೇಲಿ ಅರ್ಥಿಂಗ್ ಇಲ್ಲಾಂದ್ರೆ ಆಂಪ್ ತರೋಕ್ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅದನ್ನ ಮಾಡಿಸಿ.

ಹಾಗೇ, ಒಳಗೆ ನೋಡೋಣ ಅಂತ ನೀವೇ ಹಿಂದಿನ ಪ್ಲೇಟ್ ಬಿಚ್ಚೋಕೆ ಹೋಗ್ಬೇಡಿ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಲ್ಲಿ ಚಾರ್ಜ್ ಉಳಿದಿರುತ್ತೆ, ಟ್ಯೂಬ್ ಆಂಪಲ್ಲಂತೂ ಅದು ನೂರಾರು ವೋಲ್ಟ್, ಜೀವಕ್ಕೇ ಅಪಾಯ.

9. ಯಾವ ದೋಷಕ್ಕೆ ಚೌಕಾಸಿ, ಯಾವುದಕ್ಕೆ ವಾಪಸ್ಸು

ನಾಬ್ ತಿರುಗಿಸಿದಾಗ ಕರಕರ ಅನ್ನೋದು ಧೂಳು, ರಿಪೇರಿಯವರು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ಸಲ ತಿರುಗಿಸಿದ್ರೆ ಹೋಗುತ್ತೆ. ನಾಬಿನ ಟೋಪಿ ಇಲ್ದಿರೋದು, ಹೊರಗಿನ ರೆಕ್ಸಿನ್ ಹರಿದಿರೋದು, ಹಿಡಿಕೆ ಮುರಿದಿರೋದು, ಪವರ್ ಕಾರ್ಡ್ ಇಲ್ದಿರೋದು, ಇವೆಲ್ಲ ನಿಮಗೆ ಲಾಭ, ಬೆಲೆ ಇಳಿಸೋಕೆ ಕಾರಣ. ಬಹಳ ಆಂಪ್‌ಗಳಿಗೆ ಕಂಪ್ಯೂಟರಿಗೆ ಹಾಕೋ ಪವರ್ ಕಾರ್ಡೇ ಆಗುತ್ತೆ. ಸಡಿಲ ಇನ್‌ಪುಟ್ ಜಾಕೂ ಸಣ್ಣ ರಿಪೇರಿನೇ, ಆದ್ರೆ ರಿಪೇರಿ ಮಾಡೋರು ನಿಮ್ಮೂರಲ್ಲಿ ಇದ್ರೆ ಮಾತ್ರ.

ಸ್ಪೀಕರ್ ಹೋಗಿರೋದಕ್ಕೆ ಆಸೆ ಪಡ್ಬೇಡಿ, ಬೇಸ್ ಸ್ಪೀಕರ್ ಬೆಲೆ ಕೇಳಿದ್ರೆ ಇನ್ನೊಂದು ಹಳೇ ಆಂಪೇ ಬರುತ್ತೆ. ಬಿಸಿ ಆದ್ಮೇಲೆ ಸೌಂಡ್ ಹೋಗೋದು, ಸುಟ್ಟ ವಾಸನೆ, ಜುಮ್ ಅನ್ನೋದು, "ಇಲ್ಲಿ ಕರೆಂಟ್ ಇಲ್ಲ, ತಗೊಂಡೋಗಿ ನೋಡಿ, ವರ್ಕಿಂಗ್ ಕಂಡಿಷನ್ನೇ" ಅನ್ನೋ ಮಾತು, ಇವಕ್ಕೆಲ್ಲ ವಾಪಸ್ ಬರೋದೇ ಸರಿ.

10. ದುಡ್ಡು ಕೊಡೋವಾಗ

ಆಂಪ್ ಕಣ್ಣಾರೆ ನೋಡಿ, ಟೆಸ್ಟ್ ಮಾಡಿ ಆಗೋವರೆಗೆ ಒಂದು ರೂಪಾಯಿ ಅಡ್ವಾನ್ಸ್ ಬೇಡ. ತಾನು ಆರ್ಮಿಯವನು, ಟ್ರಾನ್ಸ್‌ಫರ್ ಆಗಿದೆ, ಪಾರ್ಸಲ್ ಕಳಿಸ್ತೀನಿ ಅಂತ ಐಡಿ ಕಾರ್ಡ್ ಫೋಟೋ ಹಾಕೋ ಮೋಸ ವರ್ಷಗಳಿಂದ ನಡೀತಿದೆ. ಅಡ್ವಾನ್ಸ್ ವಾಪಸ್ ಕೊಡ್ತೀನಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದ್ರೂ ಮಾಡ್ಬೇಡಿ, ದುಡ್ಡು ತಗೊಳ್ಳೋಕೆ ಯುಪಿಐ ಪಿನ್ ಯಾವತ್ತೂ ಬೇಡ. ಕೊಂಡ ಮೇಲೆ ಆಂಪಿನ ಸೀರಿಯಲ್ ನಂಬರ್ ಬರೆದು, ಇಷ್ಟಕ್ಕೆ ಕೊಟ್ಟೆ ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿಸ್ಕೊಳ್ಳಿ, ಹಳೇ ಬಿಲ್ ಇದ್ರೆ ಅದನ್ನೂ ಕೇಳಿ ತಗೊಳ್ಳಿ.

11. ಮನೆಗೆ ತಂದ ಮೇಲೆ

ಆಟೋದಲ್ಲಿ ತರೋದಾದ್ರೆ ನೇರವಾಗಿ ಕೂರಿಸಿ, ನಾಬ್ ಇರೋ ಕಡೆ ಕೆಳಗೆ ಬರದ ಹಾಗೆ. ಮನೇಲಿ ಮೂಲೆಗೆ ತಳ್ಳಬೇಡಿ, ಮೂಲೇಲಿ ಬೇಸ್ ಊದ್ಕೊಂಡು ಎಲ್ಲಾ ಸ್ವರ ಒಂದೇ ಥರ ಕೇಳಿಸುತ್ತೆ. ಗೋಡೆಯಿಂದ ಒಂದೆರಡು ಅಡಿ ಮುಂದೆ, ಗಟ್ಟಿ ಸ್ಟೂಲೋ ಕುರ್ಚಿಯೋ ಹಾಕಿ ಅದ್ರ ಮೇಲೆ ದಪ್ಪ ಮ್ಯಾಟ್ ಹಾಸಿ ಇಡಿ. ಸ್ಪೀಕರ್ ಕಿವಿ ಹತ್ರ ಬಂದ್ರೆ ಅರ್ಧ ವಾಲ್ಯೂಮೇ ಸಾಕಾಗುತ್ತೆ, ನೆಲಕ್ಕೆ ಹೋಗೋ ಅದುರೂ ಕಡಿಮೆ ಆಗುತ್ತೆ, ಕೆಳಗಿನ ಮನೆಯವರಿಗೆ ಇದ್ರಿಂದ ತುಂಬಾ ಉಪಕಾರ. ಬೇಸ್ ನಾಬ್ ಸ್ವಲ್ಪ ಇಳಿಸಿ, ಮಿಡ್ ಸ್ವಲ್ಪ ಏರಿಸಿ, ಸಣ್ಣ ವಾಲ್ಯೂಮಲ್ಲೂ ಸ್ವರ ಸ್ಪಷ್ಟ ಆಗುತ್ತೆ. ಕೇಬಲ್ ಹಾಕೋವಾಗ ತೆಗೆಯೋವಾಗ ಮಾಸ್ಟರ್ ಸೊನ್ನೆಗೆ ತನ್ನಿ, ಗುಡುಗು ಸಿಡಿಲಿದ್ದಾಗ ಪ್ಲಗ್ಗೇ ಕಿತ್ತಿಡಿ, ಮಳೆಗಾಲದಲ್ಲಿ ವಾರಕ್ಕೆ ಒಂದೆರಡು ಸಲ ಆದ್ರೂ ಅರ್ಧ ಗಂಟೆ ಆನ್ ಮಾಡಿ ನುಡಿಸಿ, ಒಳಗಿನ ತೇವ ಆರುತ್ತೆ.